ಹೊಗೆಸೊಪ್ಪು ಬೆಳೆಯೋಕೆ ವಿಜ್ಞಾನ ಇದೆ, ಅಳೆಯೋಕೆ?

ಹಾಸನದ ಒಂದು ಆಸ್ಪತ್ರೆಯ ಹಲ್ಲಿನ ವಿಭಾಗ. "ಬಾಯಿ ಪೂರ್ತಿ ತೆಗೀರಿ ಯಜಮಾನ್ರೇ" ಅಂದರು ಡಾಕ್ಟರಮ್ಮ. ನನ್ನ ಸೋದರಮಾವ ತೆಗೆದರು. ಎರಡು ಬೆರಳು ಕಷ್ಟದಲ್ಲಿ ತೂರುವಷ್ಟು. "ಇನ್ನೂ ಸ್ವಲ್ಪ." "ಇಷ್ಟೇ ಕಣಮ್ಮ ಬರೋದು" ಅಂದರು ಮಾವ.

ಆರೋಗ್ಯವಾಗಿರುವ ದೊಡ್ಡವರು ತಮ್ಮದೇ ಮೂರು ಬೆರಳನ್ನು ಒಂದರ ಕೆಳಗೊಂದು ಜೋಡಿಸಿ ಬಾಯಿಗೆ ಇಡಬಹುದು. ಮಾವನ ಕೆನ್ನೆಯ ಒಳಗಡೆ ಬಿಳಿಚಿಕೊಂಡು, ಹಗ್ಗ ಎಳೆದು ಕಟ್ಟಿದ ಹಾಗೆ ಬಿಗಿದಿತ್ತು. ಖಾರ ನಾಲಿಗೆಗೆ ತಾಗಿದರೆ ಉರಿ. ಮುದ್ದೆಯನ್ನು ಗೋಲಿ ಗಾತ್ರಕ್ಕೆ ಮುರಿದು ನುಂಗಬೇಕು. ಇಂಥ ಬಿಗಿತಕ್ಕೆ ಮುಖ್ಯ ಕಾರಣ ಅಡಿಕೆ ಅಂತ ಡಾಕ್ಟರಮ್ಮ ಹೇಳಿದರು. ಜೊತೆಗೆ ಹೊಗೆಸೊಪ್ಪು ಸೇರಿದರೆ ಕ್ಯಾನ್ಸರಿನ ಅಪಾಯ ಇನ್ನೂ ಜಾಸ್ತಿ ಅಂತಲೂ ಹೇಳಿದರು.

"ಹೊಗೆಸೊಪ್ಪು ಹಾಕ್ತೀರಾ?"

"ಎಲೆ ಅಡಿಕೆ ಜೊತೆ ಕಡ್ಡಿಪುಡಿ."

ಚೀಟಿಯಲ್ಲಿ ಬಿದ್ದಿದ್ದು ಒಂದೇ ಸಾಲು. ತಂಬಾಕು ಜಗಿಯುವ ಅಭ್ಯಾಸ: ಹೌದು. ಡಾಕ್ಟರಮ್ಮನನ್ನು ದೂರುವ ಹಾಗಿಲ್ಲ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು, ಚೀಟಿಯಲ್ಲಿ ಇದ್ದ ಜಾಗವೂ ಅಷ್ಟೇ. ಆದರೆ ಆ "ಹೌದು" ಒಳಗೆ ಎಷ್ಟೊಂದು ವಿಷಯ ಕಳೆದುಹೋಯಿತು ಅಂತ ನನಗೆ ಅವತ್ತಿನಿಂದ ಕಾಡುತ್ತಿದೆ. ಕಡ್ಡಿಪುಡಿಯೋ ಎಸಳೋ? ದಿನಕ್ಕೆ ಎಷ್ಟು ಸಲ? ಸುಣ್ಣ ಎಷ್ಟು? ರಾತ್ರಿ ಬಾಯಲ್ಲೇ ಇಟ್ಟುಕೊಂಡು ಮಲಗುತ್ತಾರಾ? ಎಷ್ಟನೇ ವಯಸ್ಸಿಗೆ ಶುರು?

ಇದು ಸಣ್ಣ ವಿಷಯ ಅನ್ನಿಸಬಹುದು. ಹೊಗೆಸೊಪ್ಪು ಕೆಟ್ಟದ್ದು ಅಂತ ಗೊತ್ತಿದ್ದ ಮೇಲೆ ಇಷ್ಟೆಲ್ಲ ಯಾಕೆ ಅಳೀಬೇಕು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಓದುತ್ತ ಹೋದ ಹಾಗೆ ಅಭಿಪ್ರಾಯ ಬದಲಾಯಿತು.

ಸುಣ್ಣವನ್ನೇ ನೋಡಿ. ಹೊಗೆಸೊಪ್ಪಿನಲ್ಲಿ ಚಟ ಹಿಡಿಸುವ ಅಂಶವಾದ ನಿಕೋಟಿನ್ ಎರಡು ರೂಪದಲ್ಲಿರುತ್ತದೆ. ಒಂದು ರೂಪ ಬಾಯಿಯ ಪದರವನ್ನು ಸುಲಭವಾಗಿ ದಾಟಿ ರಕ್ತಕ್ಕೆ ಸೇರುತ್ತದೆ, ಇನ್ನೊಂದು ದಾಟುವುದು ಕಷ್ಟ. ಯಾವುದು ಎಷ್ಟು ಅನ್ನೋದನ್ನು ತೀರ್ಮಾನ ಮಾಡೋದು ಕ್ಷಾರದ ಅಂಶ. ಅದನ್ನು ಹೇಳುವ ಅಂಕಿ ಪಿಎಚ್, ಸುಣ್ಣ ಬೆರೆಸಿದರೆ ಅದು ಏರುತ್ತದೆ. ಪಿಎಚ್ 7 ಇದ್ದಾಗ ದಾಟುವ ರೂಪದ ನಿಕೋಟಿನ್ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು. ಪಿಎಚ್ 8 ಆದರೆ ಅರ್ಧಕ್ಕರ್ಧ. 9 ಆದರೆ ಹತ್ತರಲ್ಲಿ ಒಂಬತ್ತು ಪಾಲು. ಅದೇ ಹೊಗೆಸೊಪ್ಪು, ಅದೇ ತೂಕ. ಬೆರಳ ತುದಿಯ ಸುಣ್ಣ ಜಾಸ್ತಿಯಾದರೆ ಮೈಗೆ ಏರುವುದೇ ಬೇರೆ. ಹೊಸ ಬ್ರ್ಯಾಂಡಿನ ಪೊಟ್ಟಣ "ಗಟ್ಟಿ" ಅಂತ ಜನ ಹೇಳ್ತಾರಲ್ಲ, ಆ ಗಟ್ಟಿತನ ಎಲೆಯಿಂದ ಬಂತೋ, ಬೆರೆಸಿದ ಕ್ಷಾರದಿಂದ ಬಂತೋ? ಅಳೆಯದೆ ಹೇಳೋಕೆ ಆಗಲ್ಲ. ಅಳೆಯದಿದ್ದರೆ ಸರ್ಕಾರ ಮಿತಿ ಹಾಕೋದು ಯಾವುದರ ಮೇಲೆ?

ಹೀಗೆ ಕಾನೂನು ಮಾಡುವವರಿಗೆ ಬೇಕಾದ ಪುರಾವೆ ಒದಗಿಸುವ ವಿಜ್ಞಾನಕ್ಕೆ ತಂಬಾಕು ನಿಯಂತ್ರಣ ವಿಜ್ಞಾನ ಅಂತ ಹೆಸರು. ಸಿಗರೇಟು ಕ್ಯಾನ್ಸರ್ ತರುತ್ತದೆಯೇ ಅನ್ನೋ ಪ್ರಶ್ನೆ ಅಲ್ಲಿ ಮುಗಿದುಹೋಗಿದೆ. ಯಾವ ಅಂಶಕ್ಕೆ ಎಷ್ಟು ಮಿತಿ ಹಾಕಿದರೆ ಜನ ಬಿಡ್ತಾರೆ, ಪೊಟ್ಟಣದ ಮೇಲಿನ ಚಿತ್ರ ಎಷ್ಟು ದೊಡ್ಡದಿರಬೇಕು, ಒಂದನ್ನು ನಿಷೇಧಿಸಿದರೆ ಜನ ಯಾವುದಕ್ಕೆ ತಿರುಗ್ತಾರೆ, ಇವೇ ಅದರ ಪ್ರಶ್ನೆಗಳು.

ಇಂಥ ಪ್ರಶ್ನೆಗೆ ಒಬ್ಬೊಬ್ಬರೇ ಉತ್ತರ ಹುಡುಕಿದರೆ ಏನಾಗುತ್ತೆ ಅಂತ ನಮ್ಮ ಹಾಲಿನ ಡೇರಿಗೆ ಹೋಗುವವರಿಗೆ ವಿವರಿಸಬೇಕಾಗಿಲ್ಲ. ಒಂದೇ ಹಸುವಿನ ಹಾಲಿಗೆ ಈ ಊರಿನ ಮೆಷಿನ್ ಒಂದು ಫ್ಯಾಟ್ ತೋರಿಸಿ, ಪಕ್ಕದ ಊರಿನದು ಇನ್ನೊಂದು ತೋರಿಸಿದರೆ ಜಗಳ ಗ್ಯಾರಂಟಿ. ಎರಡನ್ನೂ ಒಂದೇ ಮಾದರಿ ಹಾಲಿಟ್ಟು ಸರಿಮಾಡಿದ ಮೇಲೆಯೇ ಲೆಕ್ಕಕ್ಕೆ ಬೆಲೆ. ತಂಬಾಕಿಗೂ ಅಂಥ ಮಾದರಿ ಬೇಕು. ಎಲ್ಲ ಪ್ರಯೋಗಾಲಯಕ್ಕೂ ಒಂದೇ ವಿಧಾನ ಬೇಕು. ಎಲ್ಲ ಸರ್ವೆಗೂ ಒಂದೇ ಪ್ರಶ್ನೆ ಬೇಕು. ಯಾರೋ ಕಷ್ಟಪಟ್ಟು ಸಂಗ್ರಹಿಸಿದ ಮಾಹಿತಿ ಇನ್ನೊಬ್ಬರಿಗೆ ಸಿಗುವ ಉಗ್ರಾಣ ಬೇಕು. ಸಂಶೋಧನೆಗೆ ಹಂಚಿಕೊಂಡ ಆಸರೆ ಅಂದರೆ ಇಷ್ಟೇ. ಕೇಳೋಕೆ ಸಪ್ಪೆ. ಇದು ಇಲ್ಲದೇ ಹೋದಾಗ ಆದ ಅನಾಹುತ ಮಾತ್ರ ಸಣ್ಣದಲ್ಲ.

"ಲೈಟ್" ಸಿಗರೇಟಿನ ಕತೆ ಅದಕ್ಕೆ ಒಳ್ಳೆ ಉದಾಹರಣೆ. ಅಮೆರಿಕದಲ್ಲಿ 1967ರಿಂದ ಯಂತ್ರದಲ್ಲಿ ಸಿಗರೇಟು ಸೇದಿಸಿ ಟಾರ್ (ಹೊಗೆಯಲ್ಲಿರುವ ಅಂಟು ಕಲ್ಮಷ), ನಿಕೋಟಿನ್ ಅಳೆಯುತ್ತಿದ್ದರು. ನಿಮಿಷಕ್ಕೊಂದು ದಮ್ಮು, ಒಂದು ದಮ್ಮಿಗೆ 35 ಮಿಲಿಲೀಟರ್, ಎರಡು ಸೆಕೆಂಡ್. ಕಂಪನಿಗಳು ಫಿಲ್ಟರಿನ ಸುತ್ತ ಕಣ್ಣಿಗೆ ಕಾಣದ ತೂತು ಕೊರೆದವು. ಯಂತ್ರ ಎಳೆದಾಗ ತೂತಿನಿಂದ ಗಾಳಿ ಸೇರಿ ಟಾರ್ ಕಡಿಮೆ ಬಂತು. ಮನುಷ್ಯ ಸೇದುವಾಗ ಬೆರಳು, ತುಟಿ ಆ ತೂತು ಮುಚ್ಚುತ್ತವೆ. ನಿಕೋಟಿನ್ ಸಾಲದು ಅನ್ನಿಸಿದರೆ ಅವನು ಇನ್ನೂ ಜೋರಾಗಿ ಎಳೆಯುತ್ತಾನೆ. ಅಂದರೆ ಪೊಟ್ಟಣದ ಮೇಲಿನ ಅಂಕಿ ಸುಳ್ಳು. ಅಮೆರಿಕ ಸರ್ಕಾರ ಆ ಅಳತೆಗೆ ಕೊಟ್ಟಿದ್ದ ಮಾನ್ಯತೆ ವಾಪಸ್ ಪಡೆದಿದ್ದು 2008ರಲ್ಲಿ. ಆ ನಲವತ್ತು ವರ್ಷ ಕೋಟ್ಯಂತರ ಜನ "ಇದು ಸ್ವಲ್ಪ ಹಗುರ" ಅಂತ ನಂಬಿ ಸೇದಿದರು, ಬಿಡಬೇಕು ಅಂದುಕೊಂಡವರೂ ಬಿಡಲಿಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಾಲಯ ಜಾಲದಲ್ಲಿ ಕಠಿಣ ವಿಧಾನವೂ ಇದೆ. 55 ಮಿಲಿಲೀಟರ್ ದಮ್ಮು, ಅರ್ಧ ನಿಮಿಷಕ್ಕೊಮ್ಮೆ, ತೂತುಗಳನ್ನೆಲ್ಲ ಮುಚ್ಚಿ.

ಅದೇ ಅಮೆರಿಕ ಆಮೇಲೆ ಮಾಡಿದ ಕೆಲಸದಿಂದ ಕಲಿಯೋದು ಬೇಕಾದಷ್ಟಿದೆ. 2009ರ ಜೂನ್‌ನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎಗೆ, ತಂಬಾಕಿನ ಮೇಲೆ ನಿಯಮ ಮಾಡುವ ಅಧಿಕಾರ ಬಂತು. ನಿಯಮ ಮಾಡಿದರೆ ಕಂಪನಿ ಕೋರ್ಟಿಗೆ ಹೋಗೋದು ಖಚಿತ, ಕೋರ್ಟಿನಲ್ಲಿ ಪುರಾವೆ ಬೇಕು. ಅದಕ್ಕೇ 2013ರಲ್ಲಿ 14 ಸಂಶೋಧನಾ ಕೇಂದ್ರಗಳಿಗೆ ಹಣ ಕೊಟ್ಟರು. ಅದೇ ವರ್ಷ ಸುಮಾರು 46,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ದೊಡ್ಡ ಅಧ್ಯಯನ ಶುರುವಾಯಿತು. ಅವರ ಮೂತ್ರ, ರಕ್ತದ ಮಾದರಿಯನ್ನೂ ಕಾಪಿಟ್ಟರು. ಆ ಮಾಹಿತಿ ಮಿಶಿಗನ್ ವಿಶ್ವವಿದ್ಯಾಲಯದ ಭಂಡಾರದಲ್ಲಿದೆ, ಬೇರೆ ಸಂಶೋಧಕರೂ ಬಳಸಬಹುದು. ಇ-ಸಿಗರೇಟಿನ ಅಧ್ಯಯನಕ್ಕೆ ಅಂತಲೇ ಒಂದೇ ಗುಣಮಟ್ಟದ ಸಂಶೋಧನಾ ಇ-ಸಿಗರೇಟು ತಯಾರು ಮಾಡಿಸಿದರು. ಎಲ್ಲರೂ ಒಂದೇ ವಸ್ತುವನ್ನು ಪರೀಕ್ಷೆ ಮಾಡಿದರೆ ತಾನೇ ಫಲಿತಾಂಶ ಹೋಲಿಸೋಕೆ ಆಗೋದು.

ಎಫ್‌ಡಿಎಯ ತಂಬಾಕು ಕೆಲಸಕ್ಕೆ ದುಡ್ಡು? ಕಾನೂನಿನ ಪ್ರಕಾರ ತಂಬಾಕು ಕಂಪನಿಗಳಿಂದಲೇ ವಸೂಲಿ. ಈಚಿನ ವರ್ಷಗಳಲ್ಲಿ ವರ್ಷಕ್ಕೆ 71.2 ಕೋಟಿ ಡಾಲರ್. ಯಾವ ಅಧ್ಯಯನ ಮಾಡಬೇಕು ಅನ್ನೋದರಲ್ಲಿ ಕಂಪನಿಗಳಿಗೆ ಮಾತಿಲ್ಲ. ಈ ವ್ಯತ್ಯಾಸ ಮುಖ್ಯ. 1954ರಲ್ಲಿ ಅದೇ ದೇಶದ ಕಂಪನಿಗಳು ತಾವೇ ಒಂದು ಸಂಶೋಧನಾ ಮಂಡಳಿ ಕಟ್ಟಿಕೊಂಡು, "ಇನ್ನೂ ಸಂಶೋಧನೆ ಆಗಬೇಕು" ಅಂತ ದಶಕಗಟ್ಟಲೆ ಕಾಲ ತಳ್ಳಿದ್ದವು. 1998ರಲ್ಲಿ ಅಲ್ಲಿನ ರಾಜ್ಯಗಳ ಜೊತೆ ಕಂಪನಿಗಳು ಮಾಡಿಕೊಂಡ ಒಪ್ಪಂದದಲ್ಲಿ ಆ ಮಂಡಳಿಯನ್ನು ಮುಚ್ಚಿಸಬೇಕಾಯಿತು. ದುಡ್ಡು ಎಲ್ಲಿಂದ ಬಂತು ಅನ್ನೋದರಷ್ಟೇ ಅದರ ಬೀಗದಕೈ ಯಾರ ಹತ್ತಿರ ಇದೆ ಅನ್ನೋದೂ ಮುಖ್ಯ.

ಕಟ್ಟಿದ್ದು ಕಾಯಂ ಉಳಿಯುತ್ತೆ ಅಂತೇನೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಆರೋಗ್ಯ ಇಲಾಖೆ ದೊಡ್ಡ ಪ್ರಮಾಣದಲ್ಲಿ ಸಿಬ್ಬಂದಿ ಕಡಿತ ಮಾಡಿದಾಗ ರೋಗ ನಿಯಂತ್ರಣ ಕೇಂದ್ರದ ಧೂಮಪಾನ ವಿಭಾಗಕ್ಕೇ ಏಟು ಬಿತ್ತು, ಎಫ್‌ಡಿಎಯ ತಂಬಾಕು ವಿಭಾಗಕ್ಕೂ ಬಿತ್ತು. ಯಾರೋ ಒಬ್ಬರ ಬಜೆಟ್ ಮೇಲೆ ಇಡೀ ಜಗತ್ತು ನಿಂತಿರಬಾರದು ಅನ್ನೋದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಭಾರತದಲ್ಲಿ ತಂಬಾಕು ಅಂದರೆ ಮೊದಲು ಬಾಯಿ, ಆಮೇಲೆ ಹೊಗೆ. 2016-17ರ ವಯಸ್ಕರ ಸಮೀಕ್ಷೆಯಲ್ಲಿ ದೇಶದ ದೊಡ್ಡವರಲ್ಲಿ ಶೇ 28.6 ಜನ ಯಾವುದಾದರೊಂದು ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 10.7, ಜಗಿಯುವ ಅಥವಾ ಮೂಗಿಗೇರಿಸುವವರು ಶೇ 21.4. ಕರ್ನಾಟಕದಲ್ಲೂ ಇದೇ ಚಿತ್ರ: ಒಟ್ಟು ಶೇ 22.8, ಅದರಲ್ಲಿ ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕಿನವರು ಶೇ 16.3. (ಎರಡನ್ನೂ ಬಳಸುವವರು ಎರಡೂ ಲೆಕ್ಕದಲ್ಲಿ ಸೇರಿದ್ದಾರೆ.) ಜಗತ್ತಿನ ಸಂಶೋಧನೆಯ ದೊಡ್ಡ ಪಾಲು ಸಿಗರೇಟಿನ ಮೇಲಿದೆ. ನಮ್ಮ ಕಡ್ಡಿಪುಡಿ ಅಂದರೆ ಹೊಗೆಸೊಪ್ಪಿನ ದಂಟು, ತೊಟ್ಟು ಕುಟ್ಟಿ ಮಾಡಿದ ಅಗ್ಗದ ಪುಡಿ. ಕೆಲವು ಕಡೆ ಬೆಲ್ಲದ ನೀರು ಸೇರಿಸಿ ಅಚ್ಚು ಮಾಡುವುದೂ ಉಂಟು. ಇದು ಬೇರೆ ದೇಶದ ಪಟ್ಟಿಯಲ್ಲಿ ಎಲ್ಲಿ ಬರಬೇಕು?

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2003ರ ಕೋಟ್ಪಾ, ಅಂದರೆ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯಲ್ಲೇ ನಿಕೋಟಿನ್, ಟಾರ್ ಪರೀಕ್ಷೆ ಮಾಡುವ ಪ್ರಯೋಗಾಲಯದ ಮಾತಿದೆ. ಭಾರತ ಸಹಿ ಹಾಕಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದ 2005ರಲ್ಲಿ ಜಾರಿಗೆ ಬಂತು. ಅದರ 20ನೇ ವಿಧಿ ಸಂಶೋಧನೆ ಮತ್ತು ಮಾಹಿತಿ ಹಂಚಿಕೆಗೇ ಮೀಸಲು. ಆದರೆ ಕಾಯ್ದೆ ಬಂದ ಎಷ್ಟೋ ವರ್ಷದ ಮೇಲೆ ರಾಷ್ಟ್ರೀಯ ತಂಬಾಕು ಪರೀಕ್ಷಾ ಪ್ರಯೋಗಾಲಯಗಳು ಬಂದವು. ನೋಯ್ಡಾ, ಮುಂಬೈ, ಗುವಾಹಟಿ. ಮೂರೇ. ಹೊಗೆಯಿಲ್ಲದ ತಂಬಾಕಿನ ಬಗ್ಗೆ ಜಗತ್ತಿಗೇ ಮಾಹಿತಿ ಕೊಡುವ ಕೇಂದ್ರ ಕೂಡ ನೋಯ್ಡಾದಲ್ಲೇ ಇದೆ. ಅದು ನಮ್ಮ ಹೆಮ್ಮೆ, ನಿಜ. ದಕ್ಷಿಣದಲ್ಲಿ ಒಂದೂ ಇಲ್ಲ ಅನ್ನೋದೂ ನಿಜ.

ಪುರಾವೆ ಮೊದಲೇ ಕೈಯಲ್ಲಿ ಸಿದ್ಧವಾಗಿರೋದು ಎಷ್ಟು ಮುಖ್ಯ ಅನ್ನೋದಕ್ಕೆ ಎರಡು ಘಟನೆ ಸಾಕು. 2010ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರಕ್ಕೆ ಹೇಳಿತು: ಗುಟ್ಕಾ, ತಂಬಾಕು, ಪಾನ್ ಮಸಾಲದಲ್ಲಿ ಏನೇನಿದೆ, ಅದರಿಂದ ಏನಾಗುತ್ತೆ ಅಂತ ಅಧ್ಯಯನ ಮಾಡಿ, ಎಂಟು ವಾರದಲ್ಲಿ ಕೊಡಿ. ಎಂಟು ವಾರ! ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆ ಇದ್ದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2011ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಆಹಾರದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಅನ್ನೋ ಆಹಾರ ಸುರಕ್ಷತಾ ನಿಯಮ ಬಂತು, ಅದರ ಬಲದ ಮೇಲೆ 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆ ವರದಿ ಸಾಧ್ಯವಾಗಿದ್ದು ಹಿಂದಿನ ಇಪ್ಪತ್ತು ಮೂವತ್ತು ವರ್ಷ ಯಾರ್‍ಯಾರೋ ಸದ್ದಿಲ್ಲದೆ ಕೂತು ಜನರ ಬಾಯಿ ಪರೀಕ್ಷೆ ಮಾಡಿ, ಲೆಕ್ಕ ಬರೆದಿಟ್ಟಿದ್ದಕ್ಕೆ.

ಇನ್ನೊಂದು ನಮ್ಮ ಹೈಕೋರ್ಟಿನದು. ಪೊಟ್ಟಣದ ಶೇ 85 ಜಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕು ಅನ್ನೋ ನಿಯಮ 2016ರ ಏಪ್ರಿಲ್‌ನಿಂದ ಜಾರಿಯಾಗಿತ್ತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದರಿಂದ ಚಿತ್ರ ಉಳಿಯಿತು. ಶೇ 40 ಯಾಕಾಗಬಾರದು, 85 ಯಾಕೆ ಅಂತ ಯಾರಾದರೂ ಕೇಳಿದರೆ ನಮ್ಮ ಜನರ ಕಣ್ಣು, ನಮ್ಮ ಪೊಟ್ಟಣದ ಮೇಲೆ ಮಾಡಿದ ಅಧ್ಯಯನ ತೋರಿಸಬೇಕಾಗುತ್ತದೆ. ಮಾವನ ಜೇಬಿನ ಪೊಟ್ಟಣ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅಷ್ಟರಲ್ಲಿ ಚಿತ್ರ ಎಷ್ಟು ಕಾಣುತ್ತೆ ಅಂತ ಬೇರೆ ದೇಶದ ಸಿಗರೇಟ್ ಪ್ಯಾಕಿನ ಅಧ್ಯಯನ ಹೇಳಲಾರದು.

ಗುಟ್ಕಾ ನಿಷೇಧವಾದ ಮೇಲೆ ಏನಾಯಿತು ಅಂತ ಹಾಸನದ ಯಾವ ಬೀದಿಯಲ್ಲಿ ಬೇಕಾದರೂ ನೋಡಬಹುದು. ಗೂಡಂಗಡಿಯಲ್ಲಿ ಪಾನ್ ಮಸಾಲದ ಮಾಲೆ ಒಂದು, ತಂಬಾಕಿನ ಮಾಲೆ ಇನ್ನೊಂದು. ಗಿರಾಕಿ ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಅಂಗೈಯಲ್ಲಿ ತಯಾರಾಗುವ ಈ ಗುಟ್ಕಾದಲ್ಲಿ ಪಿಎಚ್ ಎಷ್ಟು, ನಿಕೋಟಿನ್ ಎಷ್ಟು? ಎರಡೂ ಪೊಟ್ಟಣವನ್ನು ಬೇರೆಬೇರೆ ಪರೀಕ್ಷೆ ಮಾಡಿದರೆ ಉತ್ತರ ಸಿಗಲ್ಲ. ಕಾನೂನು ಒಂದು ಹೆಜ್ಜೆ ಇಟ್ಟಾಗ ಮಾರುಕಟ್ಟೆ ಎರಡು ಇಟ್ಟಿರುತ್ತದೆ. ಅದರ ಹಿಂದೆ ಓಡೋಕೆ ವರ್ಷಕ್ಕೊಂದು ಸಲವಾದರೂ ಅಂಗಡಿಯಿಂದ ಮಾದರಿ ತಂದು ನೋಡುವ ವ್ಯವಸ್ಥೆ ಬೇಕು.

ಇಂಥ ವ್ಯವಸ್ಥೆ ನಮ್ಮ ಜಿಲ್ಲೆಗಳಿಗೆ ಹೊಸದಾ? ಖಂಡಿತ ಅಲ್ಲ. ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಎಲೆ ತುಕ್ಕು ರೋಗ ಬಂದಾಗ ಚಿಕ್ಕಮಗಳೂರಿನ ಪ್ರತಿ ತೋಟದವನೂ ತಾನೇ ತಳಿ ಹುಡುಕುತ್ತ ಕೂರಲಿಲ್ಲ. ಒಂದು ಕಡೆ ಹುಡುಕಿದರು, 795 ತಳಿಯಂಥದ್ದು ಎಲ್ಲರ ತೋಟಕ್ಕೂ ಬಂತು. ಇವತ್ತಿಗೂ ಮಣ್ಣು ಪರೀಕ್ಷೆಗೆ, ಬೀಜಕ್ಕೆ ಜನ ಅಲ್ಲಿಗೆ ಹೋಗುತ್ತಾರೆ. ಹೊಗೆಸೊಪ್ಪಿನ ಬೆಳೆಗೂ ಅಷ್ಟೇ. ರಾಜಮಂಡ್ರಿಯಲ್ಲಿ 1947ರಲ್ಲೇ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ ಶುರುವಾಯಿತು, ಅದರ ಕೇಂದ್ರವೊಂದು ಪಕ್ಕದ ಹುಣಸೂರಿನಲ್ಲಿದೆ. 1976ರಿಂದ ತಂಬಾಕು ಮಂಡಳಿ ಇದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆ.

ಮಾವ ಆರೋಗ್ಯವಾಗಿದ್ದಾಗ ಅವರ ಜೊತೆ ಅಲ್ಲಿಗೆ ಹೋಗಿದ್ದೆ. ದೊಡ್ಡ ಶೆಡ್ಡು. ಗೋಣಿ ಬಿಚ್ಚಿದ ಬೇಲುಗಳ ಉದ್ದುದ್ದ ಸಾಲು, ಒಳಗೆ ಕಾಲಿಟ್ಟ ಕೂಡಲೇ ಮೂಗು ಕೆಣಕುವ ಸಿಹಿ ಘಾಟು. ಮಂಡಳಿಯವರು ಒಂದೊಂದು ಬೇಲಿಗೂ ಕೈಹಾಕಿ ಸೊಪ್ಪು ಎಳೆದು, ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ ಗ್ರೇಡ್ ಬರೆಯುತ್ತಾರೆ. ತೂಕ, ಗ್ರೇಡ್, ಬೆಳೆಗಾರನ ನೋಂದಣಿ ಸಂಖ್ಯೆ, ಕೊಂಡವರು, ಬೆಲೆ, ಎಲ್ಲ ಒಂದೇ ಚೀಟಿಯಲ್ಲಿ. ಬ್ಯಾರನ್‌ಗೆ (ಸೊಪ್ಪು ಬೇಯಿಸಿ ಒಣಗಿಸುವ ಮನೆ) ಕೂಡ ಲೈಸೆನ್ಸ್ ಇದೆ. ಆ ಬೇಲು ಹಡಗು ಹತ್ತಿ ಬೇರೆ ದೇಶಕ್ಕೆ ಹೋದರೂ ಯಾವ ಊರಿನದು ಅಂತ ಹೇಳಬಹುದು. ಅದೇ ದಿನ ಹೊರಗೆ ಟೀ ಅಂಗಡಿ ಪಕ್ಕದಲ್ಲಿ ಮಾವ ಒಂದು ಕಡ್ಡಿಪುಡಿ ಪೊಟ್ಟಣ ಕೊಂಡರು. ಅವರು ಬೆಳೆಯುವ ಸೊಪ್ಪು ಸಿಗರೇಟಿಗೆ ಹೋಗುವಂಥದ್ದು, ಪೊಟ್ಟಣದೊಳಗಿನ ಸೊಪ್ಪಿನ ಜಾತಿಯೇ ಬೇರೆ. ಅದು ಎಲ್ಲಿಯದು, ಯಾವಾಗಿನದು, ಒಳಗೆ ನಿಕೋಟಿನ್ ಎಷ್ಟು, ಕ್ಯಾನ್ಸರ್ ತರುವ ನೈಟ್ರೋಸಮೀನ್ ಎಷ್ಟು, ಒಂದೂ ಅದರ ಮೇಲಿರಲಿಲ್ಲ. ಮಾರಿದ ಬೇಲಿನ ಚೀಟಿ ಒಂದು ಜೇಬಿನಲ್ಲಿ, ಪೊಟ್ಟಣ ಇನ್ನೊಂದು ಜೇಬಿನಲ್ಲಿ. ಅವರ ಮನೆಗೆ ಬರುವ ಆದಾಯಕ್ಕೆ ಇಷ್ಟು ಲೆಕ್ಕ ಇರುವಾಗ ಅವರ ಬಾಯಿಗೆ ಹೋಗುವುದಕ್ಕೆ ಯಾಕೆ ಇಲ್ಲ?

ಬೆಳೆಗಾರರ ಹೊಟ್ಟೆ ಮೇಲೆ ಹೊಡೆಯುವ ಮಾತು ಇದು ಅಂತ ಕೆಲವರು ಅಂದುಕೊಳ್ಳಬಹುದು. ನನ್ನ ಅಭಿಪ್ರಾಯ ಬೇರೆ. ಇಂಥ ವಿಜ್ಞಾನ ಬೆಳೆಗಾರರಿಗೂ ಬೇಕು. ಜುಲೈ-ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಸೊಪ್ಪು ಮುರಿಯುವ ಹೆಂಗಸರಿಗೆ ತಲೆ ಸುತ್ತು, ವಾಂತಿ ಬರುತ್ತದೆ. "ಸೊಪ್ಪಿನ ಘಾಟು" ಅಂತ ಸುಮ್ಮನಾಗುತ್ತಾರೆ. ಒದ್ದೆ ಎಲೆಯ ನಿಕೋಟಿನ್ ಚರ್ಮದೊಳಗೆ ಇಳಿದು ಬರುವ ಕಾಯಿಲೆ ಅದು, ವೈದ್ಯಕೀಯದಲ್ಲಿ ಅದಕ್ಕೆ ಹೆಸರೂ ಇದೆ. ನಮ್ಮ ಹೊಲದಲ್ಲಿ ಎಷ್ಟು ಜನಕ್ಕೆ ಬರುತ್ತೆ, ಕೈಗವಸು ಹಾಕಿದರೆ ಎಷ್ಟು ತಪ್ಪುತ್ತೆ ಅಂತ ಅಳೆಯುವ ಕೆಲಸವನ್ನು ಸಿಗರೇಟು ಕಂಪನಿ ಮಾಡಲ್ಲ. ಬದಲಿ ಬೆಳೆ ಹಾಕಿದವನ ಕೈಗೆ ಎಕರೆಗೆ ಎಷ್ಟು ಉಳಿಯಿತು ಅನ್ನೋ ಲೆಕ್ಕವೂ ಇದೇ ಉಗ್ರಾಣಕ್ಕೆ ಸೇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಒಪ್ಪಂದದ 17ನೇ ವಿಧಿ ಹೇಳೋದು ಬೆಳೆಗಾರರ ಬದಲಿ ಜೀವನೋಪಾಯದ ಬಗ್ಗೆಯೇ.

ಅಮೆರಿಕದ ಕೆಂಟಕಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮ ಅರಕಲಗೂಡು, ಪಿರಿಯಾಪಟ್ಟಣದ ಹಾಗೆ ಅದು ಹೊಗೆಸೊಪ್ಪು ಬೆಳೆದೇ ಬದುಕಿದ ನಾಡು. ಜಗತ್ತಿನ ಪ್ರಯೋಗಾಲಯಗಳು ತಮ್ಮ ಯಂತ್ರ ಸರಿಯಿದೆಯಾ ಅಂತ ನೋಡೋಕೆ ಬಳಸುವ ಮಾದರಿ ಸಿಗರೇಟು ಬರೋದು ಅಲ್ಲಿನ ವಿಶ್ವವಿದ್ಯಾಲಯದಿಂದ, ಅದೂ 1960ರ ದಶಕದ ಕೊನೆಯಿಂದ. ಈಗ ಜಗಿಯುವ ತಂಬಾಕಿನ ಮಾದರಿಯೂ ಅಲ್ಲಿ ಸಿಗುತ್ತದೆ. ಅವೆಲ್ಲ ಅಮೆರಿಕ, ಸ್ವೀಡನ್ ಕಡೆಯ ಬಗೆಗಳು. ನಮ್ಮ ಕಡ್ಡಿಪುಡಿಗೆ, ಜರ್ದಾಕ್ಕೆ ಅಂಥ ಮಾದರಿ ತಯಾರಾಗಬೇಕಾದರೆ ಅದನ್ನು ಬಲ್ಲವರ ನಾಡಿನಲ್ಲೇ ಆಗಬೇಕು. ಸೊಪ್ಪಿನ ಹದ ಬೆರಳಲ್ಲೇ ಹೇಳುವ ಜನ ಇಲ್ಲಿದ್ದಾರೆ. ಹಾಸನ, ಚಿಕ್ಕಮಗಳೂರು ಎರಡರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಬೆಂಗಳೂರಿನ ಕಿದ್ವಾಯಿಯಲ್ಲಿ 1980ರ ದಶಕದಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸುವ ಫೋನ್ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದೊಂದೂ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ. ಇವುಗಳ ನಡುವೆ ದಾರ ಪೋಣಿಸುವುದಷ್ಟೇ ಬಾಕಿ.

ದಾರ ಅಂದರೆ ಏನು ಅಂತ ನೇರವಾಗಿ ಹೇಳ್ತೀನಿ. ಕಾಫಿ ತೋಟದ ಲೈನ್ ಮನೆಯಲ್ಲಿ ಆಶಾ ಕಾರ್ಯಕರ್ತೆ ಕೇಳುವ ಪ್ರಶ್ನೆ, ಹಲ್ಲಿನ ಡಾಕ್ಟರ್ ಕೇಳುವ ಪ್ರಶ್ನೆ, ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳುವ ಪ್ರಶ್ನೆ ಒಂದೇ ಆಗಬೇಕು, ಕನ್ನಡದಲ್ಲಿರಬೇಕು. "ತಂಬಾಕು ಬಳಸ್ತೀರಾ" ಅಂದರೆ ಎಷ್ಟೋ ಅಜ್ಜಿಯರು ಇಲ್ಲ ಅಂತಾರೆ. "ಎಲೆ ಅಡಿಕೆಗೆ ಏನು ಹಾಕ್ಕೋತೀರಜ್ಜಿ" ಅಂದರೆ ಸೆರಗಿನ ಗಂಟು ಬಿಚ್ಚಿ ತೋರಿಸ್ತಾರೆ. ಪ್ರಶ್ನೆ ಸರಿಯಿಲ್ಲದಿದ್ದರೆ ಇಡೀ ಸಮೀಕ್ಷೆಯೇ ತಪ್ಪು. ಇದಕ್ಕೆ ಕೋಟಿ ರೂಪಾಯಿ ಬೇಡ. ಎರಡು ಪುಟದ ಕಾಗದ, ಅದನ್ನು ತುಂಬೋಕೆ ಒಬ್ಬರಿಗೆ ತರಬೇತಿ, ಕಾಪಿಡೋಕೆ ಒಂದು ಜಾಗ.

ಪ್ರಯೋಗಾಲಯಕ್ಕೆ ಮಾತ್ರ ದುಡ್ಡು ಬೇಕು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಪಾನ್ ಮಸಾಲ ತಯಾರಿಕೆಯ ಮೇಲೆ ಹೊಸ ಸೆಸ್ ಒಪ್ಪಿತು. ಅದರ ಹೆಸರಿನಲ್ಲೇ ಆರೋಗ್ಯ ಭದ್ರತೆ ಅನ್ನೋ ಮಾತಿದೆ. ಆ ಹಣದಲ್ಲಿ ಒಂದು ಸಣ್ಣ ಪಾಲು ದಕ್ಷಿಣಕ್ಕೊಂದು ತಂಬಾಕು ಪರೀಕ್ಷಾ ಪ್ರಯೋಗಾಲಯಕ್ಕೆ, ಕಾಪಿಟ್ಟ ಮಾದರಿಗಳಿಗೆ ಬರಲಿ ಅಂತ ಕೇಳುವುದು ಅತಿಯಾಸೆಯಲ್ಲ. ಸಂಸದರ ಮುಂದೆ ಇಡಬಹುದಾದ ಬೇಡಿಕೆ. ಕರ್ನಾಟಕ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ, ಸಾರ್ವಜನಿಕ ಜಾಗದಲ್ಲಿ ಬಳಸಿದರೆ ದಂಡ 200ರಿಂದ 1,000 ರೂಪಾಯಿ ಮಾಡಿದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಯಾಗಿದೆ. ಅದರಿಂದ ನಮ್ಮ ಪಿಯು ಕಾಲೇಜಿನ ಹುಡುಗರಲ್ಲಿ ಎಷ್ಟು ಬದಲಾಯಿತು ಅಂತ ಐದು ವರ್ಷದ ಮೇಲೆ ಯಾರಾದರೂ ಕೇಳೇ ಕೇಳ್ತಾರೆ. ಆಗ ಹೋಲಿಸೋಕೆ ಈಗಿನ ಲೆಕ್ಕ ಇರಬೇಕು. ಈಗ ಬರೆದಿಡದಿದ್ದರೆ ಆಗ ಹುಟ್ಟಿಸೋಕೆ ಆಗಲ್ಲ.

ಹೋದ ತಿಂಗಳು ಮಾವನನ್ನು ಮತ್ತೆ ತೋರಿಸೋಕೆ ಕರೆದುಕೊಂಡು ಹೋದಾಗ ನಾನೇ ಒಂದು ಹಾಳೆ ಬರೆದು ಒಯ್ದಿದ್ದೆ. ಕಡ್ಡಿಪುಡಿ, 19ನೇ ವಯಸ್ಸಿನಿಂದ. ದಿನಕ್ಕೆ ಎಂಟರಿಂದ ಹತ್ತು ಸಲ, ಹೊಲದ ಕೆಲಸ ಇದ್ದಾಗ ಇನ್ನೂ ಜಾಸ್ತಿ. ಬಲಗೆನ್ನೆ. ಸುಣ್ಣ ಪ್ರತಿ ಸಲ. ಬಿಟ್ಟು ನಾಲ್ಕು ತಿಂಗಳು. ಪೊಟ್ಟಣದ ಫೋಟೋ ಕೂಡ ಅಂಟಿಸಿದ್ದೆ. ಡಾಕ್ಟರಮ್ಮ ಪೂರ್ತಿ ಓದಿದರು. "ಬಲಗಡೆನೇ ಬಿಗಿತ ಜಾಸ್ತಿ ಇದೆ, ನೋಡಿ" ಅಂತ ಕನ್ನಡಿ ಹಿಡಿದು ನನಗೆ ತೋರಿಸಿದರು. ಆಮೇಲೆ ಫೈಲು ತಿರುವಿ ಹಾಕಿದರು, ಇದನ್ನು ಬರೆಯೋ ಕಾಲಂ ಯಾವುದೂ ಸಿಗಲಿಲ್ಲ. ನನ್ನ ಹಾಳೆಯನ್ನೇ ನಾಲ್ಕು ಮಡಿಕೆ ಮಾಡಿ, ಪಿನ್ ಹೊಡೆದು ಫೈಲಿನ ಹಿಂದೆ ಸೇರಿಸಿದರು.